ನನ್ನ ಹೆಬ್ಬೆರಳು ಕೂತ ಕಡೆಗೇ ವಾಲಿದ ಬಟ್ಟಲುಗಳು

ಪಿಂಗಾಣಿ ಕಾರ್ಖಾನೆಯ ಭಟ್ಟಿ ಬಾಗಿಲು ತೆಗೆದಾಗ ಮೊದಲು ನಕ್ಕವರು ಫಿನಿಶಿಂಗ್ ಅಕ್ಕ, ಅಂದರೆ ಅಚ್ಚಿನಿಂದ ಬಂದ ತುಂಡುಗಳನ್ನು ತಿದ್ದಿ ನಯ ಮಾಡುವವರು. 84 ಬಟ್ಟಲು ಜೋಡಿಸಿ ಸುಟ್ಟಿದ್ದೆವು. ಒಡೆದದ್ದು ಒಂದೂ ಇಲ್ಲ, ಬಿರುಕು ಬಿಟ್ಟದ್ದೂ ಇಲ್ಲ. ಆದರೆ ಅರವತ್ತಕ್ಕೂ ಮಿಕ್ಕಿ ಬಟ್ಟಲುಗಳ ಬಾಯಿ ಒಂದು ಮಗ್ಗುಲಿಗೆ ಇಳಿಬಿದ್ದಿತ್ತು, ಒಂದೇ ದವಡೆಯಲ್ಲಿ ಎಲೆ ಅಡಿಕೆ ಒತ್ತಿ ಇಟ್ಟುಕೊಂಡವರ ಮುಖದ ಹಾಗೆ.

ನಾನು ಮೊದಲು ಭಟ್ಟಿಯನ್ನು ಬೈದೆ. ಆಮೇಲೆ ಗ್ಯಾಸನ್ನು ಬೈದೆ. ಮಣ್ಣು ಕೊಟ್ಟವರನ್ನು ಬೈಯುವಷ್ಟರಲ್ಲಿ ಅಕ್ಕ ಒಂದು ಬಟ್ಟಲು ಎತ್ತಿ ಬೋರಲು ಹಾಕಿದರು. ಅಡಿಯಲ್ಲಿ ನಾನೇ ಸೂಜಿಯಿಂದ ಗೀರಿದ ನಂಬರು ಇತ್ತು.

"ಈ ನಂಬರ್ ಬರಿವಾಗ ಯಾವ ಕೈಯಾಗ ಹಿಡ್ಕೊಂಡಿದ್ದಿ ತಂಗಿ?"

"ಎಡಗೈಯಲ್ಲಿ."

"ಹಂಗೇ ಹಿಡಿ, ನೋಡಾನ."

ಹಿಡಿದೆ. ನನ್ನ ಹೆಬ್ಬೆರಳು ಸರಿಯಾಗಿ ಆ ವಾಲಿದ ಜಾಗಕ್ಕೇ ಹೋಗಿ ಕೂತಿತು. ಇನ್ನೊಂದು ಬಟ್ಟಲು ಕೊಟ್ಟರು, ಅಲ್ಲೂ ಅದೇ. ಹತ್ತು ಬಟ್ಟಲು ನೋಡಿದ ಮೇಲೆ ನಾನು ನೋಡುವುದನ್ನು ನಿಲ್ಲಿಸಿದೆ.

ಪಿಂಗಾಣಿ ಮಣ್ಣಿಗೆ ನೆನಪು ಜಾಸ್ತಿ ಅಂತ ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ವರ್ಕ್‌ಶಾಪ್‌ನಲ್ಲಿ ಹೇಳಿಯೂ ಇದ್ದೆ. ಹಸಿ ಇದ್ದಾಗ ಒಂದು ಕಡೆ ಬಾಗಿಸಿ ಮತ್ತೆ ನೆಟ್ಟಗೆ ಮಾಡಿದರೂ ಒಳಗಿನ ಕಣಗಳು ಆ ಬಾಗನ್ನು ಮರೆಯುವುದಿಲ್ಲ. ಭಟ್ಟಿಯಲ್ಲಿ ಮಣ್ಣಿಗೆ ಬೆರೆಸಿದ ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿ ಕರಗಿ ಇಡೀ ಬಟ್ಟಲು ಅರೆಮೆತ್ತಗಾದಾಗ ಆ ಹಳೇ ಬಾಗು ಎದ್ದು ಬರುತ್ತದೆ. ಗೊತ್ತಿತ್ತು. ಆದರೆ ನಂಬರು ಬರೆಯಲು ಹಿಡಿದ ಹೆಬ್ಬೆರಳು, ಅದೂ ಗಟ್ಟಿಯಾಗಿ ಒತ್ತಿರದ ಹೆಬ್ಬೆರಳು, 1,270 ಡಿಗ್ರಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎಂಟನೇ ತರಗತಿವರೆಗೆ ಓದಿದ ಅಕ್ಕನಿಗೆ ಗೊತ್ತಿತ್ತು.

ಇಷ್ಟೆಲ್ಲ ಶುರುವಾದದ್ದು ಮಂಡಕ್ಕಿಯಿಂದ.

ಬೆಂಗಳೂರಿನಲ್ಲಿ ನಮ್ಮ ಕಡೆಯ ಬೆಣ್ಣೆದೋಸೆ, ಮಂಡಕ್ಕಿ, ಮಿರ್ಚಿ ಮಾಡುವ ಒಂದು ಹೋಟೆಲಿನವರು ಫೋನ್ ಮಾಡಿದ್ದರು. ನನ್ನ ಕೆಲಸವನ್ನು ಎಲ್ಲೋ ಪ್ರದರ್ಶನದಲ್ಲಿ ನೋಡಿದ್ದರಂತೆ. 300 ಬಟ್ಟಲು ಬೇಕು, ಒಗ್ಗರಣೆ ಮಂಡಕ್ಕಿ ಹಾಕಿಕೊಡಲು. ಸ್ಟೀಲ್ ಬೇಡ, ಪ್ಲಾಸ್ಟಿಕ್ ಬೇಡ, ನೋಡಿದರೆ ದಾವಣಗೆರೆ ಅನ್ನಿಸಬೇಕು, ಮಷೀನಿನಲ್ಲಿ ತೊಳೆದರೂ ತಡೆಯಬೇಕು. ನಾನು ಒಂದು ವರ್ಷದಲ್ಲಿ ಸುಡುವುದೇ ಇನ್ನೂರು ಮುನ್ನೂರು ತುಂಡು. ನನ್ನ ಕರೆಂಟಿನ ಭಟ್ಟಿಗೆ ಒಂದು ಸಲಕ್ಕೆ ಹದಿನೆಂಟು ಬಟ್ಟಲು ಹಿಡಿಸಿದರೆ ಹೆಚ್ಚು. ಒಪ್ಪಿಕೊಂಡುಬಿಟ್ಟೆ, ಆಮೇಲೆ ಎರಡು ದಿನ ನಿದ್ದೆ ಬರಲಿಲ್ಲ.

ನಮ್ಮೂರಿನ ಹೊರಗೆ, ಹರಿಹರದ ಕಡೆ ಹೋಗುವಾಗ, ಒಂದು ಹಳೇ ಪಿಂಗಾಣಿ ಕಾರ್ಖಾನೆ ಇದೆ. ಹೆಸರು ಬರೆಯಬೇಡಿ ಅಂದಿದ್ದಾರೆ ಮಾಲೀಕರು, ಬರೆಯುವುದಿಲ್ಲ. ಊರವರ ಹಾಗೆ ನಾನೂ ಅವರನ್ನು ಸಾವ್ಕಾರ್ರು ಅಂತಲೇ ಕರೆಯುತ್ತೇನೆ. ಅವರ ತಂದೆ ಕೆಲಸ ಕಲಿತದ್ದು ಬೆಂಗಳೂರಿನಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರ ಇದ್ದ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆಯಲ್ಲಿ. 1976ರಲ್ಲಿ ಬಿಎಚ್‌ಇಎಲ್‌ಗೆ ಸೇರಿತಲ್ಲ, ಅದೇ. ಅಲ್ಲಿಂದ ಬಂದು ಇಲ್ಲಿ ಸ್ವಂತದ್ದು ಹಾಕಿದರು. ಕರೆಂಟ್ ಕಂಬದ ಇನ್ಸುಲೇಟರ್, ಕಂಬ ವಾಲದಂತೆ ಬಿಗಿಯುವ ಗೈ ತಂತಿಗೆ ಹಾಕುವ ಮೊಟ್ಟೆಯಾಕಾರದ ತುಂಡು, ಮನೆಗಳ ಫ್ಯೂಸಿನ ಕಿಟ್‌ಕ್ಯಾಟ್, ನಡುನಡುವೆ ಉಪ್ಪಿನಕಾಯಿ ಜಾಡಿ. ನಿಮ್ಮ ಮನೆಯ ಹಳೇ ಮೀಟರ್ ಬೋರ್ಡಿನಲ್ಲಿ ಬಿಳೀ ಕಿಟ್‌ಕ್ಯಾಟ್ ಇದ್ದರೆ, ಕರೆಂಟ್ ಹೋದಾಗಲೆಲ್ಲ ನಿಮ್ಮಪ್ಪ ಅದನ್ನು ಕಿತ್ತು ತಂತಿ ಸುತ್ತುತ್ತಿದ್ದ ನೆನಪಿದ್ದರೆ, ಅಂಥ ತುಂಡುಗಳು.

ಈಗ ಎಲ್ಲ ಮನೆಗೂ ಫ್ಯೂಸಿನ ಬದಲು ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಬಂತು. ಇನ್ಸುಲೇಟರ್‌ಗಳಲ್ಲೂ ಪಾಲಿಮರ್ ಬಂತು. ಮೂರು ಭಟ್ಟಿ ಇದ್ದ ಕಡೆ ಈಗ ಒಂದು ಉರಿಯುತ್ತದೆ. ನಾನು ಹೋಗಿ ಮಂಡಕ್ಕಿ ಬಟ್ಟಲಿನ ಮಾತು ಎತ್ತಿದಾಗ ಸಾವ್ಕಾರ್ರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ: "ಒಂದರ ಮೇಲೊಂದು ಕೂರ್ತಾವೇನ್ರಿ ಮೇಡಂ?"

ನನಗೆ ಆ ಪ್ರಶ್ನೆ ಸ್ವಲ್ಪ ಕೀಳಾಗಿ ಕಂಡಿತು ಅಂತ ಒಪ್ಪಿಕೊಳ್ಳಬೇಕು. ನಾನು ಬಣ್ಣದ ಬಗ್ಗೆ, ಕೆರೆ ಮಣ್ಣಿನ ಬಗ್ಗೆ, ಅಂಚಿನ ಬಗ್ಗೆ ಮಾತಾಡಲು ತಯಾರಾಗಿ ಹೋಗಿದ್ದೆ. ಹೋಟೆಲಿನ ಅಡುಗೆಮನೆಯಲ್ಲಿ 300 ಬಟ್ಟಲು ಒಂದರೊಳಗೊಂದು ಕೂರದಿದ್ದರೆ ಅವನ್ನು ಎಲ್ಲಿಡುತ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಹಟಕ್ಕೆ ಬಿದ್ದು ಮೊದಲು ನನ್ನ ತಿಗರಿಯಲ್ಲೇ ಕೂತು ನಲವತ್ತು ಬಟ್ಟಲು ಎತ್ತಿದೆ. ಪ್ರತಿಯೊಂದಕ್ಕೂ ಮಣ್ಣು ತೂಕ ಮಾಡಿ, ಅಳತೆ ಕಡ್ಡಿ ಇಟ್ಟು. ಒಣಗಿದ ಮೇಲೆ ತಗೊಂಡುಹೋಗಿ ಸಾವ್ಕಾರ್ರ ಮೇಜಿನ ಮೇಲೆ ಒಂದರೊಳಗೊಂದು ಇಟ್ಟೆ. ಆರನೆಯದಕ್ಕೇ ಗೋಪುರ ಓರೆಯಾಯಿತು. ಭಟ್ಟಿ ನೋಡಿಕೊಳ್ಳುವ ಅಜ್ಜ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದು ನೋಡಿದರು. "ಚೆಂದ ಅದಾವು. ಒಂದೊಂದು ಒಂದೊಂದು ಊರಿನವು," ಅಂದರು.

ಇಲ್ಲಿ ನನ್ನ ಮನೆಯ ಮಾತು ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು ತುಂಗಭದ್ರೆ ದಂಡೆಯ ಒಂದು ಹಳ್ಳಿಯ ಕುಂಬಾರ ಓಣಿಯಲ್ಲಿ. ನನ್ನಜ್ಜ ಬೇಸಿಗೆಗೆ ಮುಂಚೆ ದಿನಕ್ಕೆ ನಲವತ್ತು ಐವತ್ತು ಗಡಿಗೆ ಎತ್ತುತ್ತಿದ್ದ. ತೂಕ ಇಲ್ಲ, ಕಡ್ಡಿ ಇಲ್ಲ. ಸಂತೆಯಲ್ಲಿ ಸಾಲಾಗಿ ಇಟ್ಟರೆ ಯಾವುದು ಯಾವುದೆಂದು ಗುರುತು ಹಿಡಿಯಲಾಗುತ್ತಿರಲಿಲ್ಲ. ಕೊಳ್ಳುವ ಹೆಂಗಸರು ಕಣ್ಣಿನಲ್ಲಿ ನೋಡಿ ಆರಿಸುತ್ತಿರಲಿಲ್ಲ, ಬೆರಳಿನಿಂದ ತಟ್ಟಿ ಸದ್ದು ಕೇಳಿ ತಗೊಳ್ಳುತ್ತಿದ್ದರು. ಹೆಣ್ಣುಮಕ್ಕಳು ತಿಗರಿ ಮುಟ್ಟಬಾರದು ಅನ್ನುವ ಮನೆ ನಮ್ಮದು. ಮಣ್ಣು ತುಳಿಯಬಹುದು, ತಟ್ಟಬಹುದು, ಸುಣ್ಣ ಬಳಿಯಬಹುದು. ತಿಗರಿ ನಾನು ಮುಟ್ಟಿದ್ದು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಮುಗಿಸಿ, ಖಾನಾಪುರದ ಕುಂಬಾರಿಕೆ ತರಬೇತಿಗೆ ಹೋದ ಮೇಲೆ, ಇಪ್ಪತ್ಮೂರನೇ ವಯಸ್ಸಿಗೆ. ಆಮೇಲೆ ಗ್ಯಾಲರಿಯವರು, ವಿಮರ್ಶೆ ಬರೆಯುವವರು ನನಗೆ ಕಲಿಸಿದ್ದು ಒಂದೇ ಮಾತು: ಒಂದರ ಹಾಗೆ ಇನ್ನೊಂದು ಇರಬಾರದು. ನಾನೂ ಅದನ್ನೇ ಹದಿನೈದು ವರ್ಷದಿಂದ ಕ್ಯಾಟಲಾಗಿನಲ್ಲಿ ಬರೆದುಕೊಂಡು ಬಂದಿದ್ದೇನೆ.

ಓರೆಯಾದ ಆರು ಬಟ್ಟಲಿನ ಮುಂದೆ ನಿಂತಾಗ ಹೊಳೆದಿದ್ದು ಏನೆಂದರೆ, ನನಗೆ ಒಂದೇ ಥರ ಮಾಡಲು ಬರುವುದಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ಬರುವುದೇ ಇಲ್ಲ.

ಕೊನೆಗೆ ಕಾರ್ಖಾನೆಯ ದಾರಿಗೇ ಬಂದೆ. ನಾನು ತಿಗರಿಯಲ್ಲಿ ಒಂದೇ ಒಂದು ಬಟ್ಟಲು ಮಾಡುವುದು, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯುವುದು, ಆ ಅಚ್ಚುಗಳನ್ನು ಜಾಲಿ ಮಷೀನಿಗೆ ಹಾಕುವುದು. ಅಚ್ಚು ಸುತ್ತುತ್ತಿರುತ್ತದೆ, ಒಳಗೆ ಮಣ್ಣಿನ ಉಂಡೆ, ಮೇಲಿಂದ ಒಂದು ಲೋಹದ ಪಟ್ಟಿ ಇಳಿದು ಒಳಮೈ ಕೊಡುತ್ತದೆ, ಹೊರಮೈ ಅಚ್ಚಿನದು. ಪಿಂಗಾಣಿ ಮಣ್ಣು ಒಣಗಿ ಸುಟ್ಟು ಮುಗಿಯುವಷ್ಟರಲ್ಲಿ ನೂರಕ್ಕೆ ಹದಿಮೂರರಷ್ಟು ಕುಗ್ಗುತ್ತದೆ. 14 ಸೆಂಟಿಮೀಟರ್ ಬಟ್ಟಲು ಬೇಕಾದರೆ ಮೂಲದ್ದನ್ನು 16ಕ್ಕೆ ಮಾಡಬೇಕು. ಆ ಮೂಲ ಬಟ್ಟಲು ಈಗಲೂ ನನ್ನ ಕಪಾಟಿನಲ್ಲಿದೆ, ಮಕ್ಕಳ ಪಕ್ಕ ನಿಂತ ದೊಡ್ಡಪ್ಪನ ಹಾಗೆ ಕಾಣುತ್ತದೆ. ಅದನ್ನು ಮಾಡಲು ನಾನು ಹನ್ನೊಂದು ದಿನ ತಗೊಂಡೆ. ಮಂಡಕ್ಕಿ ಹಗುರ, ಗಾಳಿಗೆ ಹಾರುತ್ತದೆ, ಕೈಯಲ್ಲಿ ಕಲಸುವಾಗ ಅಂಚಿನಾಚೆ ಜಾರುತ್ತದೆ. ಅದಕ್ಕೆ ಬಾಯಿ ಒಳಕ್ಕೆ ಸ್ವಲ್ಪ ಬಾಗಿರಬೇಕು. ಬಾಯಿ ಒಳಕ್ಕೆ ಬಾಗಿದರೆ ಒಂದರೊಳಗೊಂದು ಕೂರುವುದಿಲ್ಲ, ಅಚ್ಚಿನಿಂದಲೂ ಬಿಡುವುದಿಲ್ಲ. ಭಟ್ಟಿ ಅಜ್ಜನೇ ದಾರಿ ತೋರಿಸಿದರು: ಹೊರಗೆ ಗೋಡೆ ನೆಟ್ಟಗಿರಲಿ, ಒಳಗೆ ಅಂಚಿನ ಕೆಳಗೆ ಮಾತ್ರ ಒಂದು ದಪ್ಪ ಏಣು ಬಿಡು. ಮಂಡಕ್ಕಿ ಅಲ್ಲಿಗೆ ತಾಗಿ ವಾಪಸ್ ಬೀಳುತ್ತದೆ. ಇನ್ಸುಲೇಟರಿನ ತಂತಿ ಕೂರುವ ತೋಡು ಮಾಡಿ ಮಾಡಿ ಬಂದ ಬುದ್ಧಿ ಅದು. ಆ ದಪ್ಪ ಏಣಿನಿಂದ ಬಾಯಿಗೆ ಬಲವೂ ಬಂತು.

ಅಷ್ಟಾದರೂ ಮೊದಲ ಒಬ್ಬೆಯೇ ವಾಲಿದ್ದು, ಮೇಲೆ ಹೇಳಿದೆನಲ್ಲ. ಅದಕ್ಕೆ ಅಕ್ಕ ಕಂಡ ಪರಿಹಾರ ಎರಡು. ಒಂದು, ಅಚ್ಚಿನಿಂದ ಬಿಡಿಸಿದ ಬಟ್ಟಲನ್ನು ನಾನು ಮುಟ್ಟಕೂಡದು. ಎರಡು, ಎರಡೆರಡು ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿ ಒಣಗಿಸುವುದು. ಒಂದರ ಬಾಯಿ ಇನ್ನೊಂದನ್ನು ವೃತ್ತದಲ್ಲೇ ಹಿಡಿದಿಡುತ್ತದೆ. ಗಾಜಿನ ಲೇಪ ಹಾಕುವ ಮುಂಚೆ ಒಂದು ಸಲ ಸುಡುತ್ತೇವಲ್ಲ, ಆ ಬಿಸ್ಕೆಟ್ ಸುಡುವಾಗಲೂ ಹಾಗೇ. ಎರಡನೇ ಒಬ್ಬೆಯಲ್ಲಿ ತೊಂಬತ್ತಾರಕ್ಕೆ ವಾಲಿದ್ದು ಐದು.

ಈಗ ಮಣ್ಣಿನ ವಿಷಯ. ಪಿಂಗಾಣಿ ಅಂದರೆ ದೊಡ್ಡ ಗುಟ್ಟೇನಲ್ಲ, ಸ್ಥೂಲವಾಗಿ ಅರ್ಧ ಬಿಳಿ ಮಣ್ಣು, ಕಾಲು ಫೆಲ್ಡ್‌ಸ್ಪಾರ್, ಕಾಲು ಬೆಣಚುಕಲ್ಲಿನ ಪುಡಿ. ಬಿಳಿ ಮಣ್ಣಿಗೆ ಕಯೋಲಿನ್ ಅನ್ನುವ ಹೆಸರು ಚೀನಾದ ಜಿಂಗ್‌ಡೆಝೆನ್ ಪಟ್ಟಣದ ಹತ್ತಿರದ ಗಾವ್‌ಲಿಂಗ್ ಅನ್ನುವ ಗುಡ್ಡದಿಂದ ಬಂದದ್ದು. ಯುರೋಪಿನವರು ಇದರ ಗುಟ್ಟು ಸಿಗದೆ ಶತಮಾನಗಟ್ಟಲೆ ಒದ್ದಾಡಿದರು. ಜರ್ಮನಿಯ ಸ್ಯಾಕ್ಸನಿಯನ್ನು ಆಳುತ್ತಿದ್ದ ಅಗಸ್ಟಸ್, ಚಿನ್ನ ಮಾಡುತ್ತೇನೆ ಅನ್ನುತ್ತಿದ್ದ ಬಾಟ್‌ಗರ್ ಅನ್ನುವ ಹುಡುಗನನ್ನು ಹಿಡಿದು ಕಾವಲಿನಲ್ಲಿಟ್ಟು ಕೆಲಸ ಮಾಡಿಸಿದ. ಚಿನ್ನ ಬರಲಿಲ್ಲ, ಪಿಂಗಾಣಿ ಬಂತು. 1710ರಲ್ಲಿ ಮೈಸನ್‌ನಲ್ಲಿ ಕಾರ್ಖಾನೆ ಶುರುವಾಯಿತು. ಈ ಕಥೆಯನ್ನು ಒಂದು ಮಧ್ಯಾಹ್ನ ಟೀ ಹೊತ್ತಿನಲ್ಲಿ ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು. ಅಜ್ಜ ಮಾತ್ರ, "ಓಟಿ ಕೊಟ್ರೇನು ಆ ಹುಡುಗಂಗ?" ಅಂದರು. ಸಾವ್ಕಾರ್ರು ಟೀ ಲೋಟ ನೋಡುತ್ತ ಕೂತರು.

ನಮ್ಮ ಕಾರ್ಖಾನೆಗೆ ಬಿಳಿ ಮಣ್ಣು ಬರುವುದು ಕೇರಳದಿಂದ, ಫೆಲ್ಡ್‌ಸ್ಪಾರ್ ರಾಜಸ್ಥಾನದಿಂದ. ಹಾಗಾದರೆ ಇದರಲ್ಲಿ ದಾವಣಗೆರೆ ಎಲ್ಲಿದೆ? ಹೋಟೆಲಿನವರು ಕೇಳಿದ್ದು ಅದನ್ನೇ. ಮೈ ಕೇರಳದ್ದಾದರೂ ಬಣ್ಣ ನಮ್ಮದಾಗಲಿ ಅಂತ ನಾನು ಊರಿಗೆ ಹೋಗಿ ನನ್ನಜ್ಜ ಗಡಿಗೆಗೆ ತರುತ್ತಿದ್ದ ಕೆರೆಯ ಮಣ್ಣನ್ನೇ ಒಂದು ಚೀಲ ತುಂಬಿಸಿಕೊಂಡು ಬಂದೆ. ಆಟೋದಿಂದ ಚೀಲ ಇಳಿಸಿ ಗೇಟಿನೊಳಗೆ ಕಾಲಿಟ್ಟಿದ್ದೇ ತಡ, ಮಣ್ಣು ಅರೆಯುವ ಮಿಲ್ ಹುಡುಗ ಓಡಿ ಬಂದು ಅಡ್ಡ ನಿಂತ.

ಬಿಳಿ ಮಣ್ಣಿನ ಮನೆಯಲ್ಲಿ ಮಡಿ ಇದೆ. ಕಬ್ಬಿಣದ ಒಂದು ಕಣ ಸೇರಿದರೆ ಸುಟ್ಟ ಮೇಲೆ ಬಿಳೀ ಮೈಮೇಲೆ ಕರೀ ಚುಕ್ಕೆ. ಅದಕ್ಕೇ ಅರೆದ ಮಣ್ಣಿನ ನೀರನ್ನು ಆಯಸ್ಕಾಂತದ ಮೇಲೆ ಹರಿಸುತ್ತಾರೆ, ತುಕ್ಕು ಹಿಡಿದ ಬಕೆಟ್ ಒಳಗೆ ಬಿಡುವುದಿಲ್ಲ. ಅಂಥ ಮನೆಗೆ ನಾನು ಕೆಂಪಗೆ ಕಬ್ಬಿಣವೇ ತುಂಬಿದ ಕೆರೆ ಮಣ್ಣು ಹೊತ್ತು ತಂದಿದ್ದೆ. ನನ್ನನ್ನೂ ಚೀಲವನ್ನೂ ಹಿತ್ತಲಿನ ಹುಣಸೆಮರದ ಕೆಳಗಿನ ತಗಡಿನ ಶೆಡ್ಡಿಗೆ ಕಳಿಸಿದರು. ಅಲ್ಲಿಂದ ಒಳಗೆ ಬರುವಾಗ ಕೈ ಕಾಲು ತೊಳೆದುಕೊಂಡೇ ಬರಬೇಕು. ನಮ್ಮಜ್ಜನ ಮಣ್ಣಿಗೆ ಇಲ್ಲಿ ಹೊರಗಿನ ಜಗಲಿ ಅಂತ ಮನಸ್ಸಿಗೆ ಒಂದು ಕ್ಷಣ ಚುಚ್ಚಿತು. ಆಮೇಲೆ ನಾನೇ ಒಂದು ಬಟ್ಟಲಿನ ಮೇಲೆ ಕರೀ ಚುಕ್ಕೆ ಕಂಡು ಮಿಲ್ ಹುಡುಗನನ್ನು ಗದರಿದ ದಿನ ಆ ನೋವು ಹೋಯಿತು.

"ಕಂದು ಬಣ್ಣ ಬೇಕಂದ್ರ ನಮ್ಮ ಹತ್ರಾನೇ ಐತಲ್ಲವ್ವಾ," ಅಂದರು ಅಜ್ಜ. ಇನ್ಸುಲೇಟರಿಗೆ ಹಾಕುವ ಕಂದು. ನಿಜ, ಇದೆ. ಅದು ಎಲ್ಲೆಡೆ ಒಂದೇ ಕಂದು, ಬಿಸಿಲಿಗೆ ಮಳೆಗೆ ಜಗ್ಗದ ಕಂದು, ಸರ್ಕಾರಿ ಜೀಪಿನ ಸೀಟಿನಂಥ ಕಂದು.

ಕೆರೆ ಮಣ್ಣು ಮಾಡುವುದೇ ಬೇರೆ. ನನ್ನಜ್ಜನ ಆವಿಗೆಯಲ್ಲಿ, ಕುಳ್ಳು ಸೌದೆಯ ಬೆಂಕಿಯಲ್ಲಿ, ಎಂಟುನೂರು ಡಿಗ್ರಿಯ ಆಸುಪಾಸಿನಲ್ಲಿ ಅದು ಕೆಂಪು ಗಡಿಗೆಯಾಗಿ ನಿಲ್ಲುತ್ತದೆ. ಪಿಂಗಾಣಿ ಭಟ್ಟಿಯ ಬೆಂಕಿಗೆ ಇಟ್ಟರೆ ನಿಲ್ಲುವುದಿಲ್ಲ, ಕರಗಿ ಹರಿಯುತ್ತದೆ. ಒಳಗಿನ ಕಬ್ಬಿಣ, ಸುಣ್ಣ, ಕ್ಷಾರ ಎಲ್ಲ ಸೇರಿ ಗಾಜಾಗುತ್ತವೆ. ಅಂದರೆ ಗಡಿಗೆಗೆ ಮಣ್ಣಾಗಿದ್ದದ್ದು ಪಿಂಗಾಣಿಗೆ ಗ್ಲೇಜ್, ಮೈಮೇಲಿನ ಗಾಜಿನ ಲೇಪ. ನಯವಾಗಿ ಸೋಸಿ, ಸ್ವಲ್ಪ ಫೆಲ್ಡ್‌ಸ್ಪಾರ್ ಬೆರೆಸಿ ಒಂದು ಚೂರಿನ ಮೇಲೆ ಬಳಿದು ಸುಟ್ಟಾಗ ಬಂದ ಬಣ್ಣ ಆಲೆಮನೆಯ ಜೋನಿ ಬೆಲ್ಲದ್ದು. ದಪ್ಪ ಇದ್ದಲ್ಲಿ ಕಪ್ಪಿನ ಹತ್ತಿರ, ಅಂಚಿನಲ್ಲಿ ತೆಳುವಾದಲ್ಲಿ ಹೊನ್ನಿನ ಹತ್ತಿರ.

ಒಳಮೈಗೆ ಬಿಳಿ ಬೇಕಿತ್ತು, ಮಂಡಕ್ಕಿಯ ಅರಿಶಿನ ಎದ್ದು ಕಾಣಲು. ಅದಕ್ಕೆ ನಮ್ಮೂರಲ್ಲಿ ಬೇಕಾದಷ್ಟು ಬಿದ್ದಿರುವುದು ಹೊಟ್ಟಿನ ಬೂದಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಬೆಣಚುಕಲ್ಲಿನಲ್ಲಿ ಇರುವುದೇ. ಅದರಿಂದ ಹಲ್ಲುಜ್ಜಿದವರಿಗೆ, ಹಿತ್ತಾಳೆ ಬೋಗುಣಿ ತಿಕ್ಕಿದವರಿಗೆ ಅದರ ಒರಟು ಗೊತ್ತು. ಜಪಾನಿನ ಕುಂಬಾರರು ಹೊಟ್ಟಿನ ಬೂದಿ, ಕಟ್ಟಿಗೆ ಬೂದಿ, ಫೆಲ್ಡ್‌ಸ್ಪಾರ್ ಸೇರಿಸಿ ಹಾಲಿನಂಥ ಬಿಳಿ ಗ್ಲೇಜ್ ಮಾಡುತ್ತಾರೆ, ನುಕಾ ಅಂತಾರೆ. ಹಾಲು ಅಂದರೆ ಪಾಕೆಟ್ ಹಾಲಿನ ಬಿಳಿ ಅಲ್ಲ, ಒಳಗೆ ಎಲ್ಲೋ ತುಸು ನೀಲಿ ಇರುವಂಥದ್ದು. ರೈಸ್ ಮಿಲ್ಲಿನ ಬಾಯ್ಲರಿನಿಂದ ಎರಡು ಚೀಲ ತಂದೆ. ಮಂಡಕ್ಕಿ ಭಟ್ಟಿಯ ಬೂದಿಯೇ ಬೇಕು ಅಂತ ನನಗೆ ಹುಚ್ಚು, ಮಂಡಕ್ಕಿ ಬಟ್ಟಲಲ್ಲವೇ ಅಂತ. ಹೋಗಿ ತಂದೂ ಆಯಿತು. ಆದರೆ ಬೆಂಕಿಗೆ ಏನೇನು ಹಾಕಿದ್ದರೋ, ಆ ಬೂದಿ ಹಾಕಿದ ಚೂರುಗಳು ಒಂದಕ್ಕೊಂದು ಹೋಲಲಿಲ್ಲ. ಕಥೆಗೆ ಚೆಂದ, ಬಟ್ಟಲಿಗೆ ಬೇಡ ಅಂತ ಮಿಲ್ಲಿನ ಬೂದಿಗೇ ಬಂದೆ. ಅದೂ ಕಪ್ಪಗಿತ್ತು, ಉರಿಯದ ಇದ್ದಿಲು ತುಂಬಿಕೊಂಡು. ಮತ್ತೆ ಸುಟ್ಟು, ಬೆಳ್ಳಗೆ ಮಾಡಿ, ಬಾಲ್ ಮಿಲ್ಲಿನಲ್ಲಿ ಅರೆದು, ಜರಡಿ ಹಿಡಿದದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಈ ಕೆಲಸ ಮಾಡಬೇಕು. ಸಿಲಿಕಾ ಧೂಳು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಹಳೇ ಪಿಂಗಾಣಿ ಕೆಲಸಗಾರರ ಕೆಮ್ಮು ಅಲ್ಲಿಂದ ಬಂದದ್ದು. ಇದನ್ನು ಯಾರಾದರೂ ಮನೆಯಲ್ಲಿ ಪ್ರಯೋಗ ಮಾಡುವವರಿದ್ದರೆ ದಯವಿಟ್ಟು ಬಟ್ಟೆ ಸಾಲದು, ಒಳ್ಳೇ ಮಾಸ್ಕ್ ಹಾಕಿ. ನಾನೂ ಈಗ ಹಾಕುತ್ತೇನೆ.

ಮೂರನೇ ಒಬ್ಬೆಗೆ ಗ್ಲೇಜ್ ಹಾಕಿ ಸುಟ್ಟೆವು. ಅಜ್ಜ ನೋಡುಕಂಡಿಯ ಇಟ್ಟಿಗೆ ಸರಿಸಿ ಒಂಬತ್ತನೇ ನಂಬರಿನ ಕೋನು, ಅಂದರೆ ಬಿಸಿ ತಿಳಿಯಲು ಒಳಗೆ ಇಟ್ಟ ಸಣ್ಣ ಶಂಕು, ನೋಡುತ್ತಿದ್ದರು. ಅದು ಬಗ್ಗಿದರೆ ಸುಮಾರು 1,260ರಿಂದ 1,280 ಡಿಗ್ರಿ. ನಾನು ಇನ್ನೂ ಸ್ವಲ್ಪ ಹೊತ್ತು ಇರಲಿ ಅಂದೆ, ಬೆಲ್ಲದ ಬಣ್ಣ ಇನ್ನಷ್ಟು ಆಳ ಬರಲಿ ಅಂತ. "ಸಾಕವ್ವಾ," ಅಂದರು. "ಅರ್ಧ ಗಂಟೆ ಅಜ್ಜಾ," ಅಂದೆ. ಅವರು ಮಾತಾಡದೆ ಗ್ಯಾಸ್ ಕವಾಟದ ಮೇಲಿಂದ ಕೈ ತೆಗೆದರು.

ಆ ಅರ್ಧ ಗಂಟೆಗೆ ಭಟ್ಟಿಯೊಳಗೆ ಬಟ್ಟಲು ಜೋಡಿಸುವ ಹನ್ನೊಂದು ಶೆಲ್ಫ್ ಹೋದವು. ಜೋನಿ ಬೆಲ್ಲ ಹರಿದು ಬಟ್ಟಲಿನ ಕಾಲಿನಿಂದ ಇಳಿದು ಶೆಲ್ಫಿಗೆ ಗಾಜಿನ ಹಾಗೆ ಅಂಟಿತ್ತು. ಸುತ್ತಿಗೆ ಉಳಿ ಹಿಡಿದು ಬಿಡಿಸಲು ಹೋದರೆ ಬಟ್ಟಲಿನ ಜೊತೆ ಶೆಲ್ಫಿನ ಹಪ್ಪಳವೂ ಎದ್ದು ಬಂತು. ಆ ಶೆಲ್ಫುಗಳು ಅಗ್ಗದವಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಅಪಶಕುನ ಅಂತ. ಅವತ್ತು ನಾನೇ ಕುಂಬಾರಳು, ನಾನೇ ದೊಣ್ಣೆ. ಸಾವ್ಕಾರ್ರು ಬಂದು ನೋಡಿದರು, ಹನ್ನೊಂದನ್ನೂ ಎರಡು ಸಲ ಎಣಿಸಿದರು, ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಬಾಗಿಲು ತೆಗೆಯುವುದಕ್ಕೂ ಅಜ್ಜನದೊಂದು ಲೆಕ್ಕ ಇದೆ. ಬೆಣಚುಕಲ್ಲು 573 ಡಿಗ್ರಿಯಲ್ಲಿ ತನ್ನ ಗಾತ್ರ ಬದಲಿಸುತ್ತದೆ, ಆ ಹೊತ್ತಿಗೆ ತಣ್ಣನೆ ಗಾಳಿ ನುಗ್ಗಿದರೆ ತುಂಡು ಸೀಳುತ್ತದೆ. ಮೀಟರ್ ಇದ್ದರೂ ಅಜ್ಜ ಮೀಟರ್ ನೋಡುವುದಿಲ್ಲ. ಎಲ್ಲ ಆರಿದ ಮೇಲೂ, ಬಾಗಿಲ ಮೇಲೆ ಅಂಗೈ ಇಟ್ಟು 'ಶಿವ' ಅಂತ ಮೂರು ಸಲ ಹೇಳುವವರೆಗೂ ತಡೆಯಲಾದರೆ ಮಾತ್ರ ತೆಗೆಯುವುದು. ನನ್ನಜ್ಜ ಆವಿಗೆ ಬಿಚ್ಚುವ ಮುಂಚೆ ಬೂದಿಯೊಳಗೆ ಕೈ ತೂರಿಸುತ್ತಿದ್ದ. ಆಮೇಲೆ ಇಬ್ಬರೂ ಮಾಡುವುದು ಒಂದೇ: ಮೊದಲ ತುಂಡು ಎತ್ತಿ, ಬೆರಳಿನ ಗೆಣ್ಣಿನಿಂದ ಒಂದು ಏಟು, ಕಿವಿ ಹತ್ತಿರ. ಗಡಿಗೆ 'ಠಣ್' ಅಂದರೆ ಸರಿ, 'ದಪ್' ಅಂದರೆ ಒಳಗೆ ಸೀಳು. ಗಡಿಗೆ ತಟ್ಟಿಕೊಂಡು ಶಿವನನ್ನೇ ಕುಣಿಸಿದ ಗುಂಡಯ್ಯನ ಕಥೆ ಕೇಳಿ ಬೆಳೆದವಳು ನಾನು, ಆದರೆ ಕಾರ್ಖಾನೆಯಲ್ಲಿ ಪಿಂಗಾಣಿ ಹಿಡಿದು ತಟ್ಟುವ ಕೈ ನೋಡಿದಾಗ ನೆನಪಾದದ್ದು ಗುಂಡಯ್ಯ ಅಲ್ಲ, ನನ್ನಜ್ಜನ ಬಲಗೈ ನಡುಬೆರಳಿನ ದಪ್ಪ ಗೆಣ್ಣು. ಇನ್ಸುಲೇಟರಿಗೆ ಇನ್ನೂ ಒಂದು ಪರೀಕ್ಷೆ ಇದೆ, ಒಡೆದ ಚೂರನ್ನು ಗುಲಾಬಿ ಬಣ್ಣದ ದ್ರಾವಣದಲ್ಲಿ ಒತ್ತಡ ಕೊಟ್ಟು ಇಡುತ್ತಾರೆ, ಬಣ್ಣ ಒಳಗೆ ಇಳಿಯಬಾರದು. ನೀರು ಇಳಿದರೆ ಕರೆಂಟೂ ಇಳಿಯುತ್ತದೆ. ನಮ್ಮ ನೀರಿನ ಹರವಿ ಬೆವರದಿದ್ದರೆ ಸಂತೆಯಲ್ಲಿ ವಾಪಸ್ ತರುತ್ತಿದ್ದರು, ತಂಪಾಗುವುದಿಲ್ಲ ಅಂತ.

ಗೆರೆಗಳ ಮಾತು ಉಳಿಯಿತು. ಮದುವೆಗೆ ಮುಂಚೆ ಕುಂಬಾರರ ಮನೆಯಿಂದ ಐರಣಿ ಗಡಿಗೆ ತರುತ್ತಾರಲ್ಲ, ಅವಕ್ಕೆ ಸುಣ್ಣದಲ್ಲಿ ಬಿಳಿ ಗೆರೆ ಎಳೆಯುತ್ತಿದ್ದದ್ದು ನನ್ನಜ್ಜಿ. ಕೆಂಪು ಮೈ, ಬಿಳಿ ಗೆರೆ. ಚಿತ್ರದುರ್ಗದ ಮ್ಯೂಸಿಯಂಗೆ ಹೋದಾಗೆಲ್ಲ ಹಳೇ ಮಡಕೆ ಚೂರುಗಳ ಮುಂದೆ ನಿಲ್ಲುವುದು ನನ್ನ ಅಭ್ಯಾಸ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸಿದಾಗ ಸಿಕ್ಕ ಸುಮಾರು ಎರಡು ಸಾವಿರ ವರ್ಷದ ಮಡಕೆಗಳಲ್ಲೂ ಒಂದು ಜಾತಿ ಹೀಗೇ, ಕೆಂಗಂದು ಲೇಪ, ಅದರ ಮೇಲೆ ಬಿಳಿ ಗೆರೆ. ನನಗೆ ಬಟ್ಟಲಿನ ಹೊರಗೆ, ಬೆಲ್ಲದ ಕಂದಿನ ನಡುವೆ, ಪಿಂಗಾಣಿಯ ಸ್ವಂತ ಬಿಳಿಯಲ್ಲೇ ಮೂರು ಗೆರೆ ಬೇಕಿತ್ತು. ಗೆರೆ ಇರುವಲ್ಲಿ ಮೇಣ ಬಳಿದರೆ ಗ್ಲೇಜ್ ಹಿಡಿಯುವುದಿಲ್ಲ, ಬಿಳಿ ಉಳಿಯುತ್ತದೆ.

ನಾನು ಇಪ್ಪತ್ತು ಬಟ್ಟಲಿಗೆ ಎಳೆದೆ. ನನ್ನ ಗೆರೆಗೆ ಒಂದು ಜೀವ ಇದೆ ಅಂತ ನನ್ನ ಅಭಿಪ್ರಾಯ. ಅಕ್ಕ ನೋಡಿ, ಕುಂಚ ಈಸಿಕೊಂಡು, ದಿನವೂ ತುಂಡುಗಳ ಕಾಲಿನ ಗ್ಲೇಜ್ ಒರೆಸುವ ಆ ಸುತ್ತುವ ಪೀಠದ ಮುಂದೆ ಕೂತರು. ಮೊಣಕೈ ಮೊಣಕಾಲಿಗೆ ಊರಿದರು. ಬಟ್ಟಲು ಇಟ್ಟರು, ಎಡಗೈಯಿಂದ ಪೀಠಕ್ಕೆ ಒಂದು ತಳ್ಳು ಕೊಟ್ಟರು, ಕುಂಚ ತಾಗಿಸಿದರು, ಎತ್ತಿದರು. ಶುರು ಎಲ್ಲಿ ಕೊನೆ ಎಲ್ಲಿ ಅಂತ ಹುಡುಕಿದರೂ ಕಾಣದ ಗೆರೆ. ಹೀಗೆ ಮೂರು. ಮುನ್ನೂರು ಬಟ್ಟಲಿಗೆ ಒಂಬೈನೂರು ಗೆರೆ, ನಾಲ್ಕು ದಿನದಲ್ಲಿ, ಮಗಳ ಬಾಣಂತನದ ಸುದ್ದಿ ಹೇಳುತ್ತ ಹೇಳುತ್ತ. ಮೊದಲನೇ ಬಟ್ಟಲನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನಜ್ಜನ ಸಂತೆ ಸಾಲು.

ನನ್ನ ಇಪ್ಪತ್ತು ಬಟ್ಟಲಿನ ಮೇಣವನ್ನು ಅವತ್ತೇ ಸಂಜೆ ಸುಟ್ಟು ತೆಗೆದೆ. ಅವಕ್ಕೂ ಅಕ್ಕನೇ ಗೆರೆ ಎಳೆದರು.

ಅಡಿಯ ಮುದ್ರೆ ಬಗ್ಗೆ ನಾನೂ ಸಾವ್ಕಾರ್ರೂ ಒಂದು ವಾರ ಜಗ್ಗಾಡಿದೆವು. ನನ್ನ ಸಹಿ ಇರಬೇಕು ಅಂತ ನಾನು, ಕಾರ್ಖಾನೆಯ ಮುದ್ರೆ ಇರಬೇಕು ಅಂತ ಅವರು. ಎರಡೂ ಹಾಕೋಣ ಅಂತ ಒಪ್ಪಂದವಾಗಿ, ಮುದ್ರೆ ಎಲ್ಲಿ ಒತ್ತುವುದು ಅಂತ ಒಂದು ಬಟ್ಟಲು ತಿರುಗಿಸಿದರೆ, ಕಾಲಿನ ಒಳ ಅಂಚಿನಲ್ಲಿ ಉಗುರಿನಿಂದ ಒತ್ತಿದ ಎರಡು ಸಣ್ಣ ಗೀರು ಕಂಡಿತು. ಮತ್ತೊಂದರಲ್ಲಿ ಒಂದೇ ಗೀರು. ಫಿನಿಶಿಂಗ್ ಮಾಡುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಯಾರದು ಎಷ್ಟು ಅಂತ ಸಂಜೆ ಎಣಿಸಲು ಒಬ್ಬೊಬ್ಬರದು ಒಂದು ಗುರುತು. ಅಕ್ಕನದು ಎರಡು ಗೀರು. ನಾವು ಮುದ್ರೆಗೆ ಜಗಳ ಆಡುವ ಮೊದಲೇ ಅದು ಅಲ್ಲಿ ಇತ್ತು, ಸುಟ್ಟು ಗಟ್ಟಿಯಾಗಿ.

ಬಟ್ಟಲು ಬೆಂಗಳೂರಿಗೆ ಹೋದವು. ಹೋಟೆಲಿನವರಿಗೆ ಖುಷಿ. ಫೋಟೋ ಹಾಕಿ, ಕೆಳಗೆ 'ಕೈಯಲ್ಲೇ ಮಾಡಿದ್ದು, ಒಂದರಂತೆ ಇನ್ನೊಂದಿಲ್ಲ' ಅಂತ ಬರೆದಿದ್ದರು. ನಾನು ಹೆಮ್ಮೆಯಿಂದ ಅಕ್ಕನಿಗೆ ಮೊಬೈಲ್ ತೋರಿಸಿ ಓದಿ ಹೇಳಿದೆ. ಅವರ ಮುಖ ಸಣ್ಣಗಾಯಿತು.

"ಒಂದರಂಗ ಒಂದಿಲ್ಲ ಅಂತ ಯಾಕ್ ಬರದಾರ? ಯಾವುದು ಬ್ಯಾರೆ ಆಗೈತಂತ? ಹೋಗಿ ಎಣಸಾಕ್ ಹೇಳು."

ಹೊಗಳಿಕೆ ಅಕ್ಕಾ ಅದು, ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಹೋಟೆಲಿನವರಿಗೆ ಫೋನ್ ಮಾಡಿ ಆ ಸಾಲು ತೆಗೆಸಿದೆ. ಯಾಕೆ ಅಂತ ಕೇಳಿದರು. ದೂರು ಬಂದಿದೆ ಅಂದೆ.

ಹೋದ ವಾರ ಇನ್ನೂ 200 ಬಟ್ಟಲಿಗೆ ಹೇಳಿದ್ದಾರೆ. ಈ ಸಲ ಅರ್ಧ ಗಂಟೆಯ ಮಾತು ನಾನು ಎತ್ತುವುದಿಲ್ಲ. ಮೊದಲ ಹಣ ಬಂದಾಗ ಪಾಲು ಹಂಚಿಕೊಳ್ಳಲು ಸಾವ್ಕಾರ್ರ ಆಫೀಸಿಗೆ ಹೋಗಿದ್ದೆ. ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರು. ನನ್ನ ಖಾತೆಗೆ ನನ್ನ ಹೆಸರಿಲ್ಲ. 'ಮಂಡಕ್ಕಿ ಮೇಡಂ' ಅಂತ ಇತ್ತು. ಅದರ ಕೆಳಗೆ: ಶೆಲ್ಫ್ 11, ಜಮಾ 4, ಬಾಕಿ 7.